ಸಹಾಯ ಬೇಕು: ಅಪ್ಪನ ಸಿಸ್ಟೋಸ್ಕೋಪಿ, ನೋವು ಕಡಿಮೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರ ಶಾಂತಳ್ಳಿ ಕಡೆ. ಅಪ್ಪನಿಗೆ ಸಿಸ್ಟೋಸ್ಕೋಪಿ ಮಾಡಿಸಬೇಕಂತೆ. ಮೂತ್ರಕೋಶ ನೋಡೋಕೆ ಮೂತ್ರನಾಳದೊಳಗೆ ಕ್ಯಾಮೆರಾ ಹಾಕ್ತಾರೆ ಅಂದಾಗಿನಿಂದ ಅವರಿಗೆ ಊಟವೇ ಸೇರುತ್ತಿಲ್ಲ.

ಹಿಂದೊಮ್ಮೆ ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ಟ್ಯೂಬ್) ಹಾಕುವಾಗ 2% ಲಿಗ್ನೋಕೇನ್ ಜೆಲ್ಲಿ (ಮರಗಟ್ಟಿಸುವ ಔಷಧಿ) ಬಿಟ್ಟ ತಕ್ಷಣ ಟ್ಯೂಬ್ ತೂರಿಸಿದ್ದರು. ಅಪ್ಪ ಮಂಚದ ಕಂಬಿ ಹಿಡಿದು ನರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜೆಲ್ಲಿ ಕೆಲಸ ಮಾಡಲು ಕೆಲವು ನಿಮಿಷ ಬೇಕು, ಕಾಯಬೇಕು ಅಲ್ವಾ?

ಗಂಡಸರಿಗೆ ಗಟ್ಟಿ ಸ್ಕೋಪ್‌ಗಿಂತ (ಕ್ಯಾಮೆರಾ ಇರುವ ನಳಿಕೆ) ಬಾಗುವ ಸ್ಕೋಪ್‌ನಲ್ಲಿ ನೋವು ಕಡಿಮೆ. ಸ್ಕೋಪ್ ಒಳಹೋಗುವಾಗ ಅದರ ಮೂಲಕ ಹರಿಯುವ ಸಲೈನ್‌ನ ಚೀಲ ಅದುಮಿದರೂ ನೋವು ಕಡಿಮೆಯಾಗುತ್ತದೆ. ಮಡಿಕೇರಿ ಅಥವಾ ಮೈಸೂರಿನಲ್ಲಿ ಬಾಗುವ ಸ್ಕೋಪ್ ಎಲ್ಲಿದೆ? ಇದನ್ನೆಲ್ಲ ಡಾಕ್ಟರಿಗೆ ಬೇಜಾರಾಗದಂತೆ ಹೇಗೆ ಕೇಳೋದು? ಆಮೇಲೆ ಉರಿ ಇರುತ್ತದಂತೆ, ನಮ್ಮ ತಿರುವಿನ ರಸ್ತೆಯಲ್ಲಿ ಅದೇ ದಿನ ಜೀಪಲ್ಲಿ ಮನೆಗೆ ಕರ್ಕೊಂಡು ಬರಬಹುದಾ? ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.