ಕಾರ್ಬನ್ ಜಾಸ್ತಿ ಹಾಕಿದಷ್ಟೂ ಅಲೆ ಹೀರುವುದು ಕಮ್ಮಿ, ಯಾಕೆ?

ಕೋಥ್ರೂಡ್ ಕನ್ನಡತಿ:
ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೈಕ್ರೋವೇವ್ ಹೀರುವ ಹಾಳೆ ನನ್ನ ವಿಷಯ. ಎಪಾಕ್ಸಿ ಅಂಟಿಗೆ ಕಾರ್ಬನ್ ನ್ಯಾನೋಟ್ಯೂಬ್ (ಕಾರ್ಬನ್‌ನ ಅತಿ ಸಣ್ಣ ಕೊಳವೆ) ಬೆರೆಸಿ 2 ಮಿ.ಮೀ. ಹಾಳೆ ಮಾಡಿ, ಹಿಂದೆ ಅಲ್ಯೂಮಿನಿಯಂ ತಗಡು ಇಟ್ಟು, 8.2ರಿಂದ 12.4 ಗಿಗಾಹರ್ಟ್ಸ್‌ವರೆಗೆ ಅಳೆದರೆ ರಿಫ್ಲೆಕ್ಷನ್ ಲಾಸ್ (ವಾಪಸ್ ಬರುವ ಅಲೆ ಎಷ್ಟು ತಗ್ಗಿತು ಅನ್ನುವ ಅಳತೆ) -6 ಡಿಬಿ ದಾಟುವುದೇ ಇಲ್ಲ. ಟ್ಯೂಬ್ ಹೆಚ್ಚಿಸಿದರೆ ಇನ್ನೂ ಕೆಡುತ್ತದೆ. ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) 25ರ ಆಸುಪಾಸು. ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಆಕ್ಸೈಡ್) ಸೇರಿಸು, ಸರಿಹೋಗುತ್ತದೆ ಅಂತಾರೆ ಗೈಡ್. ಹೌದಾ?

ಪೊವಾಯಿ ಗೌಡ:
ಅಲೆ ಒಳಗೆ ಬಂದರೆ ತಾನೇ ಹೀರುವುದು! ಗಾಳಿಯ ಇಂಪಿಡೆನ್ಸ್ (ಅಲೆಗೆ ಒಡ್ಡುವ ತಡೆ) 377 ಓಮ್, ನಿಮ್ಮ ಹಾಳೆಯದು ಹೆಚ್ಚುಕಮ್ಮಿ ಅದರ ಐದನೇ ಒಂದು ಪಾಲು, ಹಾಗಾಗಿ ಬಹಳಷ್ಟು ಮೇಲ್ಮೈಯಲ್ಲೇ ವಾಪಸ್ ಹೋಗುತ್ತದೆ. ಟ್ಯೂಬ್‌ಗಳು ಒಂದಕ್ಕೊಂದು ತಾಗಿ ಜಾಲ ಕಟ್ಟಿದವೋ, ಹಾಳೆ ಲೋಹದ ಹಾಗೆ ಆಡುತ್ತದೆ. ಅಲೆ ದಾಟದಂತೆ ತಡೆಯುವ ಶೀಲ್ಡಿಂಗ್‌ಗೆ ಅದು ಒಳ್ಳೆಯದು, ನಿಮಗಲ್ಲ.

ದಪ್ಪದ ಲೆಕ್ಕವನ್ನೂ ನೋಡಿ. ದಪ್ಪ ಹಾಳೆಯೊಳಗಿನ ಅಲೆಯುದ್ದದ ಕಾಲು ಭಾಗ ಇದ್ದರೆ, ಮೇಲ್ಮೈಯಿಂದ ವಾಪಸಾದ ಅಲೆಯೂ ತಗಡಿನಿಂದ ವಾಪಸಾದ ಅಲೆಯೂ ಒಂದನ್ನೊಂದು ಅಳಿಸುತ್ತವೆ. 10 ಗಿಗಾಹರ್ಟ್ಸ್‌ಗೆ ಅಲೆಯುದ್ದ 30 ಮಿ.ಮೀ., ಅದರ ಕಾಲು ಭಾಗ 7.5. ಅದನ್ನು ಪರ್ಮಿಟಿವಿಟಿಯ ವರ್ಗಮೂಲದಿಂದ ಭಾಗಿಸಿದರೆ 1.5 ಮಿ.ಮೀ. ಬರುತ್ತದೆ. ನಿಮ್ಮದು 2 ಮಿ.ಮೀ., ಅಂದರೆ ಡಿಪ್ (ವಾಪಸ್ ಬರುವ ಅಲೆ ತೀರಾ ಕಮ್ಮಿಯಾಗುವ ಜಾಗ) ಬೀಳುವುದು 7.5 ಗಿಗಾಹರ್ಟ್ಸ್ ಹತ್ತಿರ, ನೀವು ಅಳೆಯುವ ಜಾಗದಿಂದಲೇ ಹೊರಗೆ. ಟ್ಯೂಬ್ ಇಳಿಸಿ ಪರ್ಮಿಟಿವಿಟಿಯನ್ನು 9ಕ್ಕೆ ತನ್ನಿ, 2.5 ಮಿ.ಮೀ. ಹೊಯ್ಯಿರಿ.

ಸುಮ್ನೆ ಓದುವವಳು:
ಗೈಡ್ ಹೇಳಿದ್ದು ಅರ್ಧ ಸರಿ. ಪರ್ಮಿಯಬಿಲಿಟಿ (ಕಾಂತಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) ಜಾಸ್ತಿ ಇದ್ದಷ್ಟೂ ಅದು ಕಮ್ಮಿ ಫ್ರೀಕ್ವೆನ್ಸಿಯಲ್ಲೇ ಕುಸಿಯುತ್ತದೆ ಅಂತ ವಿಜ್ಞಾನಿ ಸ್ನೂಕ್ 1948ರಲ್ಲೇ ತೋರಿಸಿದ ಮಿತಿ ಒಂದಿದೆ ಅಲ್ವಾ, ಅದರಿಂದಾಗಿ ಮ್ಯಾಗ್ನೆಟೈಟ್‌ನ ಪರ್ಮಿಯಬಿಲಿಟಿ 10 ಗಿಗಾಹರ್ಟ್ಸ್ ಹೊತ್ತಿಗೆ 1ರ ಹತ್ತಿರ ಬಂದುಬಿಡುತ್ತದೆ, ಕಾಂತದಿಂದ ದೊಡ್ಡ ಲಾಭವೇನೂ ಸಿಗುವುದಿಲ್ಲ. ಆದರೆ ಟ್ಯೂಬ್ ಮೇಲೆ ಅದನ್ನು ಬೆಳೆಸಿದರೆ ಟ್ಯೂಬ್‌ಗಳು ತಾಗದ ಹಾಗೆ ನಡುವೆ ಕೂರುತ್ತದೆ, ಎರಡರ ಗಡಿಯಲ್ಲಿ ಚಾರ್ಜ್ ಸೇರಿಕೊಂಡು ಅಲ್ಲೂ ಸ್ವಲ್ಪ ಲಾಸ್ ಸಿಗುತ್ತದೆ. ಕಾಂತದ ಲಾಸೇ ಬೇಕಿದ್ದರೆ ಕಾರ್ಬೊನಿಲ್ ಕಬ್ಬಿಣದ (ಅತಿ ನುಣ್ಣನೆಯ ಶುದ್ಧ ಕಬ್ಬಿಣದ ಪುಡಿ) ಚಪ್ಪಟೆ ಚೂರು ನೋಡಿ. ತೂಕ ಮಾತ್ರ ಜಾಸ್ತಿ, ಪುಣೆಯ ಮಳೆಗಾಲದಲ್ಲಿ ಪುಡಿಯನ್ನು ತೇವ ತಾಗದ ಡೆಸಿಕೇಟರ್ ಡಬ್ಬಿಯಿಂದ ಹೊರಗಿಟ್ಟರೆ ತುಕ್ಕು ಬೇರೆ.

ಕೋಥ್ರೂಡ್ ಕನ್ನಡತಿ:
ದಪ್ಪ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಪೇಪರ್‌ಗಳಲ್ಲಿ -50 ಡಿಬಿ ಬರುತ್ತದಲ್ಲ, ಅದು ಹೇಗೆ?

ಪೊವಾಯಿ ಗೌಡ:
ಅದು ಒಂದು ದಪ್ಪಕ್ಕೆ, ಒಂದೇ ಫ್ರೀಕ್ವೆನ್ಸಿಯ ಸುತ್ತ. -20 ಡಿಬಿಗೇ ಅಲೆಯ ಶಕ್ತಿಯ ಶೇ. 99 ಹೋಗಿರುತ್ತದೆ, ಅದರಾಚೆಯದೆಲ್ಲ ಜಂಬ. -10ಕ್ಕಿಂತ ಕೆಳಗೆ ಎಷ್ಟು ಅಗಲದ ಬ್ಯಾಂಡ್ ಸಿಕ್ಕಿತು ಅಂತ ಕೇಳಿ. ಅದೂ ಅಲ್ಲದೆ ಅಂಥ ಎಷ್ಟೋ ಅಂಕಿ ಪುಡಿಯನ್ನು ಮೇಣದಲ್ಲಿ ಬೆರೆಸಿ ಮಾಡಿದ ಉಂಗುರ ಅಳೆದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ದು, ನಿಮ್ಮ ಹಾಗೆ ತಗಡಿನ ಮೇಲೆ ಹಾಳೆ ಇಟ್ಟು ಅಳೆದದ್ದಲ್ಲ.