ಸೆವೆನ್ಸ್ ಬಿಟ್ಟು ಲೀಗ್‌ಗೆ ಸೇರಬೇಕಾ? ಸಣ್ಣ ಕ್ಲಬ್‌ನವರ ಪ್ರಶ್ನೆ

ಕಡಲಕರೆ ಇಲೆವೆನ್

ಫುಟ್‌ಬಾಲ್ ಗೊತ್ತಿದ್ದವರ ಹತ್ರ ಒಂದು ಸಲಹೆ ಕೇಳ್ಲಿಕ್ಕುಂಟು.

ನಮ್ಮದು ಉಳ್ಳಾಲ ಕಡೆಯ ಸಣ್ಣ ಕ್ಲಬ್. ಹುಡುಗರಲ್ಲಿ ಅರ್ಧದಷ್ಟು ಬೋಟಿಗೆ ಹೋಗುವವರು, ಉಳಿದವರು ಕಾಲೇಜು, ಮೊಬೈಲ್ ಅಂಗಡಿ, ಗಲ್ಫ್ ವೀಸಾ ಕಾಯುವವರು. ಮಳೆ ನಿಂತ ಮೇಲೆ ರಾತ್ರಿ ಸೆವೆನ್ಸ್, ಅಂದ್ರೆ ತಂಡಕ್ಕೆ ಏಳೇ ಮಂದಿಯ ಟೂರ್ನಮೆಂಟ್‌ಗಳಿಗೆ ಹೋಗ್ತೇವೆ. ದೇರಳಕಟ್ಟೆ, ಮಂಜೇಶ್ವರ, ಉಪ್ಪಳ, ಕಾಸರಗೋಡು. ಗೆದ್ದರೆ ನಗದು ಬಹುಮಾನ, ಒಂದು ಆಳೆತ್ತರದ ಟ್ರೋಫಿ. ಸೋತರೂ ಬಿರಿಯಾನಿ ಉಂಟು. ಕ್ಲಬ್ಬಿನ ಖರ್ಚು ಹೆಚ್ಚುಕಮ್ಮಿ ಅದರಲ್ಲೇ ನಡೀತದೆ.

ಈಗ ನಮ್ಮ ಸ್ಪಾನ್ಸರ್ ಒಬ್ಬರು ಹಿಡಿದ ಹಠ ಎಂತ ಅಂದ್ರೆ, ಜಿಲ್ಲಾ ಅಸೋಸಿಯೇಷನ್‌ನಲ್ಲಿ ಸರಿಯಾಗಿ ರಿಜಿಸ್ಟರ್ ಮಾಡಿ, ಹನ್ನೊಂದು ಮಂದಿಯ ಲೀಗ್ ಆಡಿ, ಆಮೇಲೆ ಬೆಂಗಳೂರಿನ ಲೀಗ್, ಆಮೇಲೆ ದೇಶಮಟ್ಟದ ಲೀಗ್‌ಗಳಲ್ಲಿ ಕೆಳಗಿನದಾದ ಐ-ಲೀಗ್ 3. "ಕೆಳಗಿನಿಂದ ಐಎಸ್‌ಎಲ್ ವರೆಗೆ ಈಗ ದಾರಿ ಉಂಟು" ಅಂತ ಅವರ ವಾದ. (ಐಎಸ್‌ಎಲ್ ಅಂದ್ರೆ ಇಂಡಿಯನ್ ಸೂಪರ್ ಲೀಗ್, ದೇಶದ ಎಲ್ಲಕ್ಕಿಂತ ಮೇಲಿನ ಲೀಗ್.) ಹಿರಿಯ ಆಟಗಾರರು ಬೇಡವೇ ಬೇಡ ಅಂತಿದ್ದಾರೆ. ಒಮ್ಮೆ ರಿಜಿಸ್ಟರ್ ಆದ್ರೆ ಮಾನ್ಯತೆ ಇಲ್ಲದ ಸೆವೆನ್ಸ್ ಆಡಿದವರಿಗೆ ನೋಟಿಸ್ ಬರ್ತದೆ, ಬಹುಮಾನದ ದುಡ್ಡೂ ಹೋಗ್ತದೆ, ಇತ್ತ ಲೀಗೂ ಇಲ್ಲ ಅಂತಾಗ್ತದೆ ಅಂತ ಅವರ ಹೆದರಿಕೆ. ಕಾರ್ಯದರ್ಶಿ ನಾನು, ಮಧ್ಯೆ ಸಿಕ್ಕಿದ್ದೇನೆ. ಎಂತ ಮಾಡುದು?

ನೆಹರೂ ಮೈದಾನ್ ಗ್ಯಾಲರಿ

ಸೆವೆನ್ಸ್ ಬಿಡ್ಬೇಡಿ ಮಾರ್ರೆ. ರಾತ್ರಿ ಹನ್ನೊಂದಕ್ಕೆ ನಿಂತು ನೋಡುವ ಜನ ಲೀಗ್ ಮ್ಯಾಚಿಗೆ ಮಧ್ಯಾಹ್ನ ಮೂರಕ್ಕೆ ಬರ್ತಾರಾ? ಎರಡೂ ಕಡೆಯ ರಿಸರ್ವ್ ಆಟಗಾರರು, ಒಂದು ನಾಯಿ, ನಾನು. ಅಷ್ಟೇ ಪ್ರೇಕ್ಷಕರು.

ಆಸ್ಟಿನ್ ಟೌನ್ ಸ್ಟಾಪರ್

ಕಾರ್ಯದರ್ಶಿಗಳೇ, ನಾನು ಬೆಂಗಳೂರಿನಲ್ಲಿ ಬಿ ಡಿವಿಷನ್, ಎ ಡಿವಿಷನ್ ಎರಡೂ ಆಡಿದವನು. ಈಗ ಮಂಡಿ ಹೋಗಿದೆ, ಬಾಯಿ ಮಾತ್ರ ಉಳಿದಿದೆ. ಹೇಳೋದು ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ಸ್ಪಾನ್ಸರ್ ಮೇಲೆ ನೋಡ್ತಿದ್ದಾರೆ. ಕೆಳಗೆ ನೋಡೋಕೆ ಹೇಳಿ. ಪಿರಮಿಡ್, ಅಂದ್ರೆ ಗೆದ್ದರೆ ಮೇಲಿನ ಲೀಗ್‌ಗೆ, ಸೋತರೆ ಕೆಳಗಿನದಕ್ಕೆ ಹೋಗೋ ವ್ಯವಸ್ಥೆ ಅಂದ ತಕ್ಷಣ ಎಲ್ಲರೂ ಕೇಳೋದು ಎಲ್ಲಿವರೆಗೆ ಹತ್ತಬಹುದು ಅಂತ. ಸಣ್ಣ ಕ್ಲಬ್ ಕೇಳಬೇಕಾದ್ದು ಬಿದ್ದರೆ ಎಲ್ಲಿ ಬೀಳ್ತೀವಿ, ಅಲ್ಲಿ ಪ್ರತಿ ವರ್ಷ ಆಟ ನಡೆಯುತ್ತಾ ಅಂತ.

ಮೇಲಿನ ಕಥೆ ಮೊದಲು ಮುಗಿಸ್ತೀನಿ. 2023ರಲ್ಲಿ ಐಎಸ್‌ಎಲ್ ಕೆಳಗಿನ ಹಂತದ ಐ-ಲೀಗ್ ಗೆದ್ದ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಐಎಸ್‌ಎಲ್‌ಗೆ ಹೋದದ್ದು ನಿಜ. ಆದರೆ ಮೊಹಮ್ಮಡನ್ ಮೊದಲ ಸೀಸನ್‌ನಲ್ಲೇ ಕೊನೆ ಸ್ಥಾನಕ್ಕೆ ಬಂದರೂ ಕೆಳಗೆ ಇಳಿಯಲಿಲ್ಲ, ಯಾಕಂದ್ರೆ ಆಗ ಐಎಸ್‌ಎಲ್‌ನಲ್ಲಿ ಇಳಿಯೋ ಪದ್ಧತಿಯೇ ಇರಲಿಲ್ಲ. ಹತ್ತೋಕಿತ್ತು, ಇಳಿಯೋಕಿರಲಿಲ್ಲ, ಅದೆಂಥ ಏಣಿ? ಅದಕ್ಕೂ ಮುಂಚೆ ಇನ್ನೂ ಅನ್ಯಾಯ. ಮಿಜೋರಾಂನ ಐಜಾಲ್ 2017ರಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಎಲ್ಲರನ್ನೂ ಹಿಂದೆ ಹಾಕಿ ಐ-ಲೀಗ್ ಗೆದ್ದಿತು. ಅದೇ ವರ್ಷ ಬಿಎಫ್‌ಸಿ ದುಡ್ಡು ಕಟ್ಟಿ ಐಎಸ್‌ಎಲ್‌ಗೆ ಹೋಯ್ತು, ಚಾಂಪಿಯನ್ ಐಜಾಲ್ ಇದ್ದಲ್ಲೇ ಉಳೀತು. (ನಾನು ಬಿಎಫ್‌ಸಿ ಅಭಿಮಾನಿನೇ. ಆದರೂ ಅದು ಸರಿ ಅಂತ ಹೇಳೋಕೆ ನಾಲಿಗೆ ಬರಲ್ಲ.)

ನಮ್ಮೂರಿನದೇ ನೋಡಿ. 1977ರಲ್ಲಿ ದೇಶದ ಕ್ಲಬ್‌ಗಳ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐಟಿಐ, ಫೈನಲ್‌ನಲ್ಲಿ ಮೋಹನ್ ಬಗಾನ್‌ನ ಸೋಲಿಸಿ. ಫೋನ್ ಮಾಡೋ ಫ್ಯಾಕ್ಟರಿಯ ನೌಕರರ ತಂಡ ಅದು! ಎಚ್‌ಎಎಲ್ 2012ರಲ್ಲಿ ಐ-ಲೀಗ್‌ನಿಂದ ಇಳಿದದ್ದು ಮತ್ತೆ ಮೇಲೆ ಬರಲೇ ಇಲ್ಲ. ಮೊನ್ನೆ ಮೊನ್ನೆ ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಹತ್ತಿತು, 2024-25ರಲ್ಲಿ ವಾಪಸ್ ಇಳಿಯಿತು. ಅದನ್ನ ನಾನು ಅವಮಾನ ಅನ್ನಲ್ಲ, ಲೀಗ್ ಅಂದ್ರೆ ಅದೇ. ಆದರೆ ಅಷ್ಟರೊಳಗೆ ವಿಮಾನದ ಟಿಕೆಟ್ಟು, ವಿದೇಶಿ ಆಟಗಾರ, ಹೋಟೆಲ್ಲು ಅಂತ ಎಷ್ಟು ಖರ್ಚಾಗುತ್ತೆ ಅನ್ನೋದು ನಿಮ್ಮ ಸ್ಪಾನ್ಸರ್‌ಗೆ ಗೊತ್ತಿರಲಿ.

ಈಗ ನಿಮ್ಮ ಎರಡನೇ ಮೆಟ್ಟಿಲು. ಕರ್ನಾಟಕದಲ್ಲಿ ಲೀಗ್ ಅಂದ್ರೆ ಲೆಕ್ಕಕ್ಕಿರೋದು ಬೆಂಗಳೂರಿನ ಲೀಗೇ. ಕೊಡಗು ಎಫ್‌ಸಿ ಹೆಸರಲ್ಲಿ ಕೊಡಗು ಇದೆ, ಆಡೋದು ಇಲ್ಲಿ, ಅಶೋಕನಗರದ ಸ್ಟೇಡಿಯಂನಲ್ಲಿ. ಉಳ್ಳಾಲದಿಂದ ಮುನ್ನೂರೈವತ್ತು ಕಿಲೋಮೀಟರ್, ಮಧ್ಯೆ ಶಿರಾಡಿ ಘಾಟಿ. ಮ್ಯಾಚು ಹೆಚ್ಚಾಗಿ ವಾರದ ನಡುವೆ, ಮಧ್ಯಾಹ್ನ. ರಾತ್ರಿ ಬಸ್ಸಲ್ಲಿ ಕೂತು ಬಂದ ಹುಡುಗ ಬೆಳಿಗ್ಗೆ ಇಡ್ಲಿ ತಿಂದು ಒಂದೂವರೆಗೆ ಕಿಕ್-ಆಫ್. ಟೇಬಲ್ ಹತ್ತಿರ ಸಾಲಾಗಿ ನಿಲ್ಲಿಸಿ ಕಾರ್ಡ್ ನೋಡ್ತಾರೆ, ಫೋಟೋಗೂ ಮುಖಕ್ಕೂ ತಾಳೆ ಹಾಕ್ತಾರೆ, ಶಿನ್ ಗಾರ್ಡ್ ತಟ್ಟಿ ನೋಡ್ತಾರೆ, ಜೆರ್ಸಿ ನಂಬರ್ ಶೀಟ್‌ನಲ್ಲಿ ಇದ್ದ ಹಾಗೇ ಇರಬೇಕು. ಆಮೇಲೆ ಆ ಕೃತಕ ಹುಲ್ಲು. ಏಪ್ರಿಲ್ ಬಿಸಿಲಲ್ಲಿ ಅದು ದೋಸೆ ಕಾವಲಿ. ಬೂಟಿನ ಒಳಗೆ ಅಂಗಾಲು ಸುಡುತ್ತೆ. ನಿಮ್ಮ ಗೋಲಿ (ಗೋಲ್‌ಕೀಪರ್) ಮಣ್ಣಲ್ಲಿ ಡೈವ್ ಹೊಡೆದು ಅಭ್ಯಾಸ ಇರೋನಾದ್ರೆ ಮೊದಲ ಹಾಫ್‌ಗೇ ಮೊಣಕೈ ಚರ್ಮ ಕಿತ್ತು ಬರುತ್ತೆ, ಎರಡನೇ ಹಾಫ್‌ನಲ್ಲಿ ಡೈವ್ ಮಾಡೋಕೆ ಹಿಂದೆಮುಂದೆ ನೋಡ್ತಾನೆ. ಅಲ್ಲೇ ಗೋಲು.

ಇನ್ನೊಂದು. ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ, ಅಂದ್ರೆ ಎದುರಾಳಿ ಡಿಫೆಂಡರ್‌ಗಳನ್ನ ದಾಟಿ ಮುಂದೆ ನಿಂತು ಪಾಸ್ ತಗೊಂಡರೂ ತಪ್ಪಲ್ಲ. ನಿಮ್ಮ ಫಾರ್ವರ್ಡ್‌ಗಳು ಗೋಲ್ ಪೋಸ್ಟ್ ಪಕ್ಕ ನಿಂತು ಬೆಳೆದವರು. ಹನ್ನೊಂದರ ಆಟದಲ್ಲಿ ಲೈನ್ಸ್‌ಮನ್ ಫ್ಲ್ಯಾಗ್ ಮೇಲಿಂದ ಮೇಲೆ ಏಳ್ತಾನೇ ಇರುತ್ತೆ, ಹುಡುಗ ರೆಫ್ರಿ ಮೇಲೆ ಕೂಗಾಡ್ತಾನೆ, ಹಳದಿ ಕಾರ್ಡ್. ಒಂದು ಸೀಸನ್ ಪೂರ್ತಿ ಜಿಲ್ಲಾ ಮಟ್ಟದಲ್ಲೇ ಆಡಿಸಿ ಕಲಿಸದೆ ಬೆಂಗಳೂರು ಮಾತೇ ಎತ್ತಬೇಡಿ.

ಹಾಗಂತ ಸೇರಬೇಡಿ ಅಂತಿಲ್ಲ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ 54 ವರ್ಷ ಆದಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡ ಇದೇ ಲೀಗ್‌ಗಳಿಂದ ಬಂದದ್ದು. ಸೆವೆನ್ಸ್‌ನಲ್ಲಿ ಎಷ್ಟು ಗೋಲು ಹೊಡೆದರೂ ಸೆಲೆಕ್ಟರ್ ಕಣ್ಣಿಗೆ ಬೀಳಲ್ಲ. ಹತ್ತೊಂಬತ್ತರ ಒಳಗಿನ ಹುಡುಗರಿಗೆ ರಿಜಿಸ್ಟ್ರೇಷನ್ ಬೇಕೇ ಬೇಕು. ಪ್ರಶ್ನೆ ಇರೋದು ಇಡೀ ಕ್ಲಬ್ ಸೇರಬೇಕಾ ಅನ್ನೋದು.

ಗ್ಲಾಸ್ಗೋ ಕನ್ನಡಿಗ

ಸ್ಟಾಪರ್ ಅಣ್ಣ, ನೀವು ಹೇಳಿದ್ದೇ ಇಲ್ಲಿ ದೊಡ್ಡ ಮಟ್ಟದಲ್ಲಿ ನಡೆದಿದೆ. ಸ್ಕಾಟ್ಲೆಂಡ್‌ನಲ್ಲಿ ಜೂನಿಯರ್ ಫುಟ್‌ಬಾಲ್ ಅಂತ ಒಂದು ಪ್ರತ್ಯೇಕ ಲೋಕವೇ ಇತ್ತು, ಆಡೋರು ದೊಡ್ಡವರೇ. ಗಣಿ ಊರುಗಳ ಕ್ಲಬ್‌ಗಳು, 1886ರಿಂದ ತಮ್ಮದೇ ಜೂನಿಯರ್ ಕಪ್. ಮೇಲಿನ ಲೀಗ್‌ಗೂ ಅವರಿಗೂ ಸಂಬಂಧ ಇರಲಿಲ್ಲ. 2013ರಲ್ಲಿ ಐದನೇ ಹಂತದ ಲೋಲ್ಯಾಂಡ್ ಲೀಗ್ ಶುರು ಮಾಡಿ, ಹಳೆಯ ಹೈಲ್ಯಾಂಡ್ ಲೀಗ್ ಜೊತೆ ಸೇರಿಸಿ, ಕೆಳಗಿನವರಿಗೂ ಬಾಗಿಲು ತೆಗೆದರು. ಪಶ್ಚಿಮದ ಜೂನಿಯರ್ ಕ್ಲಬ್‌ಗಳು ವರ್ಷಗಟ್ಟಲೆ ನಿಮ್ಮ ಹಿರಿಯ ಆಟಗಾರರ ಹಾಗೇ "ಬೇಡ" ಅಂದವು. ಕೊನೆಗೆ 2020ರಲ್ಲಿ ಅರವತ್ತಕ್ಕೂ ಹೆಚ್ಚು ಕ್ಲಬ್‌ಗಳು ಒಟ್ಟಿಗೇ ಬಂದವು.

ಒಟ್ಟಿಗೇ ಬಂದದ್ದು ಮುಖ್ಯ. ಅಕಿನ್‌ಲೆಕ್ ಟ್ಯಾಲ್ಬೋಟ್ ಅಂತ ಒಂದು ಕ್ಲಬ್ ಇದೆ, ಪಕ್ಕದ ಕಮ್ನಾಕ್ ಜೊತೆ ಅವರಿಗೆ ತಲೆತಲಾಂತರದ ಹಗೆ. ಇಬ್ಬರೂ ಒಂದೇ ಲೀಗ್ ವ್ಯವಸ್ಥೆಗೆ ಬಂದದ್ದರಿಂದ ಆ ಡರ್ಬಿ (ಅಕ್ಕಪಕ್ಕದ ಊರಿನವರ ಪಂದ್ಯ) ಉಳೀತು, ಗೇಟ್ ಕಲೆಕ್ಷನ್ನೂ ಉಳೀತು. ಒಬ್ಬರೇ ಬಂದಿದ್ದರೆ ಗುರುತಿಲ್ಲದ ಊರಿನವರ ಜೊತೆ ಖಾಲಿ ಮೈದಾನದಲ್ಲಿ ಆಡಬೇಕಿತ್ತು. ಜೂನಿಯರ್ ಕಪ್ ಕೂಡ ನಿಲ್ಲಿಸಲಿಲ್ಲ, ಲೀಗ್ ಜೊತೆಗೇ ನಡೆಯುತ್ತೆ.

ಪ್ರಯಾಣದ ವಿಷಯ. ಇಲ್ಲಿ ಮೇಲಿನ ನಾಲ್ಕು ಡಿವಿಷನ್ ಮಾತ್ರ ದೇಶವ್ಯಾಪಿ, ಐದನೇ ಹಂತದಿಂದ ಕೆಳಗೆಲ್ಲ ಪ್ರಾದೇಶಿಕ. ಆಯರ್‌ಶೈರ್‌ನ ಕ್ಲಬ್‌ಗೆ ಹೆಚ್ಚಿನ ಮ್ಯಾಚುಗಳು ಹತ್ತಿರದಲ್ಲೇ. ಅದೇ ಪಶ್ಚಿಮದ ಲೀಗ್‌ನ ಡಾರ್ವೆಲ್ 2023ರ ಜನವರಿಯಲ್ಲಿ ಸ್ಕಾಟಿಷ್ ಕಪ್‌ನಲ್ಲಿ ಅತಿ ಮೇಲಿನ ಡಿವಿಷನ್‌ನ ಅಬರ್ಡೀನನ್ನು 1-0ಯಿಂದ ಹೊಡೆಯಿತು. ಆರನೇ ಹಂತದ ಹಳ್ಳಿ ತಂಡ! ಆ ರಾತ್ರಿ ನಮ್ಮ ಆಫೀಸಿನ ಗ್ರೂಪಿನಲ್ಲಿ ಅಬರ್ಡೀನ್ ಕಡೆಯವನು ಒಬ್ಬನೂ ಉಸಿರೆತ್ತಲಿಲ್ಲ.

ಬೀಳೋದೂ ಇದೆ. ಬಾನಿರಿಗ್ ರೋಸ್ 2018ರಲ್ಲಿ ಜೂನಿಯರ್ ಬಿಟ್ಟು ಬಂದು 2022ರಲ್ಲಿ ನಾಲ್ಕನೇ ಡಿವಿಷನ್ ಮುಟ್ಟಿತು, 2025ರಲ್ಲಿ ವಾಪಸ್ ಲೋಲ್ಯಾಂಡ್‌ಗೆ. ಅಲ್ಲಿ ಅವರಿಗೆ ಮುಂದಿನ ಶನಿವಾರವೇ ಆಡೋಕೆ ಲೀಗ್ ಕಾದಿತ್ತು. ಒಂದು ಕಿರಿಕಿರಿ ಮಾತ್ರ ನಿಜ: ಮೇಲೆ ಹೋಗೋಕೆ ಲೈಸೆನ್ಸ್ ಬೇಕು, ಅದಕ್ಕೆ ಫ್ಲಡ್‌ಲೈಟ್ ಬೇಕು. ಮೈದಾನದಲ್ಲಿ ಗೆದ್ದರೂ ಕಂಬ ಇಲ್ಲ ಅಂತ ಕೂರಬೇಕಾಗುತ್ತೆ.

ನೆಹರೂ ಮೈದಾನ್ ಗ್ಯಾಲರಿ

ಫ್ಲಡ್‌ಲೈಟ್ ನಮ್ಮ ಸೆವೆನ್ಸ್‌ನವರ ಹತ್ರ ಬೇಕಾದಷ್ಟುಂಟು. ಜನರೇಟರ್ ಸಮೇತ ಕಳಿಸಿಕೊಡುವ.

ಕಡಲಕರೆ ಇಲೆವೆನ್

ಹಹ್ಹ. ಎಲ್ಲರಿಗೂ ಥ್ಯಾಂಕ್ಸ್. ಸ್ಟಾಪರಣ್ಣ, ಹಾಗಾದ್ರೆ ಇಡೀ ಕ್ಲಬ್ ಬೇಡ, ಹುಡುಗರದ್ದು ಮಾತ್ರ ರಿಜಿಸ್ಟರ್ ಮಾಡುವ ಅಂತಲಾ? ಮತ್ತೊಂದು ತೊಂದರೆ ಉಂಟು. ನಮ್ಮ ಬೋಟಿನ ಹುಡುಗರಿಗೆ ಹಗಲಲ್ಲಿ ಪುರುಸೊತ್ತು ಇರುವುದು ಜೂನ್, ಜುಲೈ ಮಾತ್ರ, ಮೀನುಗಾರಿಕೆ ರಜೆಯಲ್ಲಿ. ಆಗ ಇಲ್ಲಿ ಮೈದಾನ ಅಂದ್ರೆ ಕೆರೆ.

ಆಸ್ಟಿನ್ ಟೌನ್ ಸ್ಟಾಪರ್

ಹೌದು, ಎರಡು ಪಟ್ಟಿ ಮಾಡಿ. ಇಪ್ಪತ್ತೊಂದು ದಾಟದವರು, ಕಾಲೇಜಿನವರು ಲೀಗ್ ಪಟ್ಟಿಗೆ. ಅವರನ್ನ ಆ ಸೀಸನ್ ಸೆವೆನ್ಸ್‌ಗೆ ಇಳಿಸಬೇಡಿ, ಕಾಲು ಮುರಿದರೂ ಕಷ್ಟ, ನೋಟಿಸ್ ಬಂದರೂ ಕಷ್ಟ. ಬೋಟಿನವರು, ಮದುವೆ ಆದವರು ಸೆವೆನ್ಸ್ ಆಡಿ ದುಡ್ಡು ತರಲಿ. ಜೆರ್ಸಿ ಬೇರೆ, ಹೆಸರು ಬೇಕಾದರೆ ಸ್ವಲ್ಪ ಬೇರೆ ಇಟ್ಕೊಳ್ಳಿ.

ಗ್ಲಾಸ್ಗೋ ತಮ್ಮ ಹೇಳಿದ "ಒಟ್ಟಿಗೇ" ಅನ್ನೋದನ್ನ ಬಿಡಬೇಡಿ. ತೊಕ್ಕೊಟ್ಟು, ದೇರಳಕಟ್ಟೆ, ಕುದ್ರೋಳಿ ಕಡೆ ನಿಮ್ಮ ಹಾಗೇ ಇರೋ ಕ್ಲಬ್‌ಗಳ ಕಾರ್ಯದರ್ಶಿಗಳನ್ನ ಕೂರಿಸಿ ಮಾತಾಡಿ. ಆರೇಳು ಕ್ಲಬ್ ಸೇರಿ ಅಸೋಸಿಯೇಷನ್ ಬಾಗಿಲಿಗೆ ಹೋದರೆ ಎರಡು ಮಾತು ಕೇಳಬಹುದು: ಫಿಕ್ಸ್ಚರ್ ಸೀಸನ್‌ಗೆ ಮುಂಚೆಯೇ ಬರಹದಲ್ಲಿ ಬೇಕು, ಮ್ಯಾಚು ಭಾನುವಾರ ಬೇಕು. ಒಬ್ಬರೇ ಹೋದರೆ ಫಾರಂ ಕೊಟ್ಟು ಕಳಿಸ್ತಾರೆ.

ಸ್ಪಾನ್ಸರ್‌ಗೆ ಐಎಸ್‌ಎಲ್ ಕನಸು ಇದ್ದರೆ ಇರಲಿ, ಆ ದುಡ್ಡಲ್ಲಿ ಮೊದಲು ಒಬ್ಬ ಲೈಸೆನ್ಸ್ ಇರೋ ಕೋಚ್ ಹಿಡೀರಿ. ಮತ್ತೆ ಗೋಲಿಗೆ ಎರಡು ಜೊತೆ ಎಲ್ಬೋ ಪ್ಯಾಡ್.