ಸಮಾಜಸೇವೆ ಮಾಡುವ ಕಂಪನಿಯ ಲಾಭದ ಲೆಕ್ಕವನ್ನು ನಂಬಬಹುದೇ?

ಬದಿಯಡ್ಕದಿಂದ ಪ್ರಶ್ನೆ: ಅಪ್ಪನಿಗೆ ನಿವೃತ್ತಿಯ ಹಣ ಬಂದಿದೆ. ಒಂದು ಕಂಪನಿಯ ಷೇರು ಕೊಳ್ಳಬೇಕೆಂದಿದ್ದಾರೆ. ಆ ಕಂಪನಿ ಶಾಲೆಗಳಿಗೆ ಕೊಠಡಿ ಕಟ್ಟಿಸಿಕೊಟ್ಟಿದೆ, ಉತ್ತಮ ಆಡಳಿತದ ಪ್ರಶಸ್ತಿಯನ್ನೂ ಪಡೆದಿದೆ. ಇಂಥವರು ಲೆಕ್ಕ ತಿದ್ದಲಾರರು ಎಂಬುದು ಅಪ್ಪನ ನಂಬಿಕೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಂಬಳೆಯಿಂದ: ತಂಗೀ, ಮಂಗಳೂರಿನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಮಾರ್ಚ್ ಕೊನೆಯ ವಾರ ಬಂತೆಂದರೆ ಬೇಡಿಕೆಯೇ ಇಲ್ಲದ ಸರಕು ವಿತರಕರ ಗೋದಾಮಿಗೆ ಹೋಗುತ್ತಿತ್ತು. ಬಿಲ್ಲು ಆ ವರ್ಷದ ಮಾರಾಟಕ್ಕೆ ಸೇರುತ್ತಿತ್ತು, ಸರಕು ಏಪ್ರಿಲ್‌ನಲ್ಲಿ ಹಿಂದಿರುಗುತ್ತಿತ್ತು. ಅದೇ ಕಂಪನಿ ಜೂನ್‌ನಲ್ಲಿ ಮಕ್ಕಳಿಗೆ ಪುಸ್ತಕ, ಚೀಲ ಹಂಚುತ್ತಿತ್ತು. ಮಕ್ಕಳಿಗೆ ಸಿಕ್ಕಿದ ಪುಸ್ತಕ ಸುಳ್ಳಲ್ಲ, ಲಾಭ ಮಾತ್ರ ಸುಳ್ಳು. ಅದನ್ನು ನಿಲ್ಲಿಸಿದ್ದು ಲೆಕ್ಕಪರಿಶೋಧನಾ ಸಮಿತಿಗೆ ಹೊಸದಾಗಿ ಬಂದ ಒಬ್ಬ ಸ್ವತಂತ್ರ ನಿರ್ದೇಶಕಿ, ಅಂದರೆ ಮಾಲೀಕರ ಹಂಗಿಲ್ಲದ ಆಡಳಿತ ಮಂಡಳಿಯ ಸದಸ್ಯೆ. ಏಪ್ರಿಲ್‌ನಲ್ಲಿ ವಾಪಸಾದ ಸರಕಿನ ಪಟ್ಟಿ ಕೊಡಿ ಎಂದು ಅವರು ಕೇಳಿದರು, ಅಷ್ಟೇ. ನಾವು ಗುಮಾಸ್ತರು ಆ ದಿನ ಎಷ್ಟು ಹಗುರವಾದೆವೆಂದು ಹೇಳಲಾರೆ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಅನ್ನು ಅಪ್ಪನಿಗೆ ನೆನಪಿಸಿ. 2008ರಲ್ಲಿ ಅದಕ್ಕೆ ಉತ್ತಮ ಆಡಳಿತಕ್ಕಾಗಿಯೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಸ್ಥಾಪಕ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡಾಗ, ಲೆಕ್ಕದಲ್ಲಿದ್ದ ನಗದಿನ ಪೈಕಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. 108 ಆಂಬುಲೆನ್ಸ್ ಸೇವೆಯನ್ನು ಆರಂಭಿಸಿದ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಆ ಸೇವೆ ಎಷ್ಟೋ ಜೀವ ಉಳಿಸಿದೆ, ಆದರೆ ಷೇರುದಾರರ ಹಣವನ್ನು ಉಳಿಸಲಿಲ್ಲ.

ಮಂಜೇಶ್ವರದಿಂದ: ಲಾಭವನ್ನು ಹಿಗ್ಗಿಸುವವರಷ್ಟೇ ಅಲ್ಲ, ಕುಗ್ಗಿಸುವವರೂ ಇರುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿವ್ವಳ ಲಾಭ 5 ಕೋಟಿ ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಆ ಗೆರೆಯ ಅಂಚಿನಲ್ಲಿರುವ ಕಂಪನಿಗೆ ಮುಂದಿನ ವರ್ಷದ ಖರ್ಚನ್ನು ಈ ವರ್ಷಕ್ಕೇ ಎಳೆದುಕೊಂಡು ಲಾಭ ಕಡಿಮೆ ತೋರಿಸುವ ಆಸೆ ಹುಟ್ಟಬಹುದು. ದೊಡ್ಡ ಕಂಪನಿಗೆ ಸಾಮಾಜಿಕ ಕೆಲಸದ ಖರ್ಚು ಕಾನೂನಿನ ಕಡ್ಡಾಯ, ಅದನ್ನು ಪ್ರಾಮಾಣಿಕತೆಯ ಗುರುತೆಂದು ಎಣಿಸಬೇಡಿ.

ಪೆರ್ಲದಿಂದ: ನಾನು ಅಡಿಕೆ ಕೃಷಿಕ. ವ್ಯಾಪಾರಿಯ ಮುಂಗಡವನ್ನು ಬೆಳೆಯ ಆದಾಯವೆಂದು ಬರೆದುಕೊಂಡು ಒಮ್ಮೆ ಮೋಸಹೋದೆ. ಅಂದಿನಿಂದ ಯಾವ ವಾರ್ಷಿಕ ವರದಿ ತೆರೆದರೂ ಮೊದಲು ನೋಡುವುದು ನಗದು ಹರಿವಿನ ಪಟ್ಟಿಯನ್ನು, ಅಂದರೆ ನಿಜವಾಗಿ ಬಂದುಹೋದ ಹಣದ ಲೆಕ್ಕವನ್ನು. ಲಾಭ ವರ್ಷವರ್ಷವೂ ಏರುತ್ತಿದ್ದು, ವ್ಯವಹಾರದಿಂದ ನಗದು ಬಾರದೆ, ಗ್ರಾಹಕರ ಬಾಕಿ ಮಾರಾಟಕ್ಕಿಂತ ಬೇಗ ಬೆಳೆಯುತ್ತಿದ್ದರೆ ಕೈ ಹಾಕುವುದಿಲ್ಲ. ಲೆಕ್ಕಪರಿಶೋಧಕರು ಅವಧಿಯ ನಡುವೆ ಬಿಟ್ಟುಹೋದದ್ದು ಕಂಡರೂ ಅಷ್ಟೇ. ಮೂರು ವರ್ಷದ ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಅಪ್ಪನೊಂದಿಗೆ ಓದಿ. ಹೀಗೆ ಹೇಳುವಷ್ಟು ಸಲುಗೆ ನನಗಿಲ್ಲ, ಆದರೂ ಕೇಳಿಕೊಳ್ಳುತ್ತೇನೆ: ಅದಕ್ಕೆ ಮುನ್ನ ಒಂದು ರೂಪಾಯಿಯನ್ನೂ ಹಾಕಲು ಬಿಡಬೇಡಿ.